ಏಲಂನಲ್ಲಿ ಗೆದ್ದ ಪ್ಲೇಟುಗಳು

ಯುದ್ಧ ಮುಗಿದ ಹೊಸದರಲ್ಲಿ ನಮ್ಮ ಕಡೆಯ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ತಮ್ಮೂರಿಗೆ ಹೊರಟರು. ಹೊರಡುವ ಮೊದಲು ಬಂಗಲೆಯ ಸಾಮಾನನ್ನೆಲ್ಲ ಏಲಂ ಹಾಕುತ್ತಿದ್ದರು. ಉಳಿದವರು ಮಂಚ, ಬೀರು ನೋಡಲು ಹೋದರೆ ನಮ್ಮ ಅತ್ತೆ ಹೋಗುತ್ತಿದ್ದದ್ದು ಗ್ರಾಮಾಫೋನ್ ಪ್ಲೇಟುಗಳಿಗೆ. ಜಾವಳಿ ಊರಿನ ನಮ್ಮ ಮನೆಯಲ್ಲಿ ಅಕ್ಕಿಪೆಟ್ಟಿಗೆಯೊಂದನ್ನು ಖಾಲಿ ಮಾಡಿಸಿ ಅದರ ತುಂಬ ಪ್ಲೇಟು ಜೋಡಿಸಿದ್ದರು. ಸೊಸೆಯಾಗಿ ಬಂದ ನನಗೆ ಅವರು ಹೇಳಿದ ಮೊದಲ ಬುದ್ಧಿಮಾತು, ಪ್ಲೇಟನ್ನು ಅಂಚು ಹಿಡಿದೇ ಎತ್ತಬೇಕು ಎಂಬುದು.

ಅವರಿಗಿದ್ದ ಎದುರಾಳಿ ಒಬ್ಬರೇ, ಮೂಡಿಗೆರೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಸಾಹೇಬರು. ಸಾಧು ಮನುಷ್ಯ, ಹಾಡೆಂದರೆ ಪ್ರಾಣ. "ಚೆನ್ನಾಗಿದ್ದೀರಾ ಅಮ್ಮಾವ್ರೇ?" ಎಂದು ನಗುನಗುತ್ತಲೇ ಒಳ್ಳೊಳ್ಳೆಯ ಪ್ಲೇಟುಗಳನ್ನು ಹಾರಿಸಿಕೊಂಡು ಹೋಗುತ್ತಿದ್ದರು.

ಒಮ್ಮೆ ದೇವರಮನೆ ಬೆಟ್ಟದ ದಾರಿಯ ಬಂಗಲೆಯೊಂದರಲ್ಲಿ ಏಲಂ. ಅಲ್ಲಿನ ದೊರೆಸಾನಿ ಬೊಂಬಾಯಿಯಿಂದ ತರಿಸಿದ ಹಿಂದುಸ್ತಾನಿ ಹಾಡುಗಳ ಒಂದು ಪೆಟ್ಟಿಗೆಯೇ ಇತ್ತು. ಕೂಗು ಶುರುವಾಗುವ ಮೊದಲು ಯಾರು ಬೇಕಾದರೂ ಪ್ಲೇಟು ಹಾಕಿ ಕೇಳಬಹುದಿತ್ತು. ಅತ್ತೆ ನನ್ನನ್ನು ಗ್ರಾಮಾಫೋನಿನ ಪಕ್ಕ ನಿಲ್ಲಿಸಿ ಪಿಸುಗುಟ್ಟಿದರು.

"ಸಾಹೇಬ್ರು ಬಂದ್ರೆ ಕೀಲಿ ಒಂಚೂರೇ ತಿರುಗ್ಸು. ಜಾಸ್ತಿ ಕೊಡ್ಬೇಡ ಮಾರಾಯ್ತಿ."

ಹಾಗೇ ಮಾಡಿದೆ. ಹಾಡುಗಾರ್ತಿ ಚೆನ್ನಾಗಿಯೇ ಶುರು ಮಾಡಿ, ಆಲಾಪದ ನಡುವೆ ಕೀಲಿ ಸಾಲದೆ ಗಂಡಸಾಗಿ, ಆಮೇಲೆ ಎಮ್ಮೆಯಾಗಿ ನಿಂತುಹೋದಳು.

"ಪ್ಲೇಟು ಹಾಳಾಗಿದೆ ಅನ್ಸುತ್ತೆ. ನಮ್ ಮಳೆ ಥಂಡಿಗೆ ಏನ್ ಉಳಿಯುತ್ತೆ ಹೇಳಿ," ಎಂದರು ಅತ್ತೆ.

"ಹೌದು ಅಮ್ಮಾವ್ರೇ. ಪಾಪ, ಗಂಟ್ಲೇ ಕಟ್ಟಿದೆ," ಎಂದು ಸಾಹೇಬರು ತಲೆಯಾಡಿಸಿ ಆಚೆ ಹೋದರು.

ಪೆಟ್ಟಿಗೆಗೆ ಅವರು ಕೂಗಲೇ ಇಲ್ಲ. ಅತ್ತೆ ಕಣ್ಣು ಮಿಟುಕಿಸಿದ್ದೇ ತಡ, ನನ್ನ ಗಂಡ ಕೂಗಿ ಅಗ್ಗಕ್ಕೆ ಗೆದ್ದರು. ಸಾಹೇಬರು ಕೊಂಡದ್ದು ಮುರುಕು ಛತ್ರಿ, ಓಡದ ಗಡಿಯಾರ, ಒಂದಷ್ಟು ತಗಡಿನ ಡಬ್ಬಿಗಳಿದ್ದ ಬುಟ್ಟಿ. ದಾರಿಯುದ್ದಕ್ಕೂ ಆ ಬುಟ್ಟಿಯನ್ನು ನೆನೆದು ಅತ್ತೆ ನಕ್ಕರು.

ವಾರ ಕಳೆಯುವುದರೊಳಗೆ ಮನೆಯಲ್ಲಿದ್ದ, ಪ್ಲೇಟಿನ ಮೇಲೆ ಓಡಿ ಹಾಡಿಸುವ ಗ್ರಾಮಾಫೋನ್ ಪಿನ್ನುಗಳೆಲ್ಲ ಸವೆದವು. ಚಿಕ್ಕಮಗಳೂರಿಗೆ ಹೇಳಿ ಕಳಿಸಿದರೆ, ಯುದ್ಧ ಶುರುವಾದಾಗಿನಿಂದ ಸರಕೇ ಬರುತ್ತಿಲ್ಲ ಎಂಬ ಉತ್ತರ. ಅತ್ತೆ ನಿಂಬೆಗಿಡದ ಮುಳ್ಳು ಸಿಕ್ಕಿಸಿ ನೋಡಿದರು. ಹಾಡು ಕೊಡದೊಳಗೆ ಸಿಕ್ಕಿಕೊಂಡ ಸೊಳ್ಳೆಯಂತೆ ಕೇಳಿತು. ನಕ್ಕ ತಪ್ಪಿಗೆ ನನ್ನ ಗಂಡನನ್ನೇ ಮೂಡಿಗೆರೆಗೆ ಓಡಿಸಿದರು, ಸಾಹೇಬರ ಹತ್ತಿರ ಪಿನ್ನು ಇದೆಯೇ ಎಂದು ಕೇಳಿಬರಲು.

ಭಾನುವಾರ ಸಾಹೇಬರೇ ಬಂದರು. ಕೋಟಿನ ಜೇಬಿನಿಂದ ತಗಡಿನ ಡಬ್ಬಿಯೊಂದನ್ನು ತೆಗೆದು ಮುಚ್ಚಳ ತೆರೆದರು. ಡಬ್ಬಿಯ ತುಂಬ ಹೊಸ ಪಿನ್ನುಗಳು.

"ಅವತ್ತು ಕೊಂಡ ಬುಟ್ಟೀಲಿ ಇದ್ದದ್ದು ಇಂಥ ಡಬ್ಬಿಗಳೇ ಅಮ್ಮಾವ್ರೇ. ಮಾರೋದಿಲ್ಲ. ನಾನು ಹಾಡು ಕೇಳೋಕೆ ಬರ್ತೀನಿ, ಬರುವಾಗ ಪಿನ್ನು ತರ್ತೀನಿ."

"ನಿಮ್ಗೆ ಅವತ್ತೇ ಗೊತ್ತಾಗಿತ್ತಾ?" ನಾನು ತಡೆಯಲಾರದೆ ಕೇಳಿದೆ.

"ಒಂಚೂರು ಕೀಲಿಗೆ ಯಾವ ಹಾಡುಗಾರ್ತಿ ಎಷ್ಟು ದೂರ ಹೋಗ್ತಾಳೆ ಮಗಳೇ?"

ಅತ್ತೆ ಕೇಳಿಸಿಕೊಳ್ಳದವರಂತೆ ಸೆರಗಿನಿಂದ ಪ್ಲೇಟು ಒರೆಸುತ್ತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ಅಲ್ಲಿಂದ ಭಾನುವಾರಗಳು ಸಾಹೇಬರವು. ಯಾವ ಹಾಡು ಮೊದಲು ಎಂಬ ವಾದದಲ್ಲಿ ನಾನು ಕೊಟ್ಟ ಕಾಫಿ ಆರಿಹೋಗುತ್ತಿತ್ತು. ಸಂಸೆಯ ಕಡೆ ಮತ್ತೊಂದು ಏಲಂ ಆದಾಗ ನಾವೆಲ್ಲ ಸಾಹೇಬರ ಕಾರಿನಲ್ಲೇ ಹೋದೆವು. ಅತ್ತೆ, ಸಾಹೇಬರು ಇಬ್ಬರೂ ಸೇರಿ ಒಂದೇ ಕೂಗು ಕೂಗಿದರು. ಗೆದ್ದ ಪ್ಲೇಟುಗಳು ಮೊದಲು ಯಾರ ಮನೆಗೆ ಎಂಬ ಜಗಳ ಮಾತ್ರ ವಾಪಸು ಬರುವಾಗ ಕೊಟ್ಟಿಗೆಹಾರ ದಾಟಿದರೂ ಮುಗಿದಿರಲಿಲ್ಲ.