ಮೂರನೇ ನಂಬರಿನವನ ಬಲಮಂಡಿ

ಸಿಂಗಪುರದ ಆಂಗ್ ಮೋ ಕಿಯೋದಲ್ಲಿದ್ದ ಒಂದು ಆಫೀಸಿಗೆ ಸೇರಿದಾಗ ಫುಟ್‌ಬಾಲ್ ತಂಡದಲ್ಲಿ ಎಷ್ಟು ಜನ ಇರುತ್ತಾರೆ ಎಂದು ಯಾರಾದರೂ ಕೇಳಿದ್ದರೆ ನಾನು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಯುರೋಪಿನ ಸಣ್ಣಪುಟ್ಟ ತಂಡಗಳ ಆಟದ ವಿಡಿಯೋ ನೋಡುವುದು, ಚೆಂಡು ಯಾರ ಯಾವ ಕಾಲಿಗೆ ತಾಗಿತು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಪ್ರತಿ ಸಲವೂ ಕೀಲಿ ಒತ್ತಿ ಗುರುತು ಹಾಕುವುದು, ಇಷ್ಟೇ ಅಲ್ಲಿನ ಕೆಲಸ. ಅದಕ್ಕೆ ಟ್ಯಾಗಿಂಗ್ ಎನ್ನುತ್ತಿದ್ದರು. ನಾವು ಹಾಕಿದ ಗುರುತುಗಳೆಲ್ಲ ಅಂಕಿ ಅಂಶಗಳಾಗಿ ವಾಪಸು ಆ ಕ್ಲಬ್ಬುಗಳಿಗೇ ಹೋಗುತ್ತಿದ್ದವು. ತೊಂಬತ್ತು ನಿಮಿಷದ ಒಂದು ಆಟ ಮುಗಿಸಲು ಮೊದಮೊದಲು ನನಗೆ ಎರಡು ದಿನ ಹಿಡಿಯುತ್ತಿತ್ತು.

ಮೈಸೂರಿನಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಒಂಬತ್ತು ವರ್ಷ ಜನರ ಮಂಡಿ, ಸೊಂಟ, ಭುಜಗಳನ್ನು ಹಿಡಿದು ಕೆಲಸ ಮಾಡಿದವಳು. ಗಂಡನ ಕೆಲಸಕ್ಕಾಗಿ ಸಿಂಗಪುರಕ್ಕೆ ಬಂದಮೇಲೆ, ಇಲ್ಲಿ ಅದೇ ಕೆಲಸ ಮಾಡಬೇಕಾದರೆ ಹೊಸದಾಗಿ ನೋಂದಣಿಯಾಗಬೇಕು, ಇನ್ನೊಬ್ಬರ ಕೈಕೆಳಗೆ ಒಂದಷ್ಟು ಕಾಲ ದುಡಿಯಬೇಕು ಎಂದು ತಿಳಿಯಿತು. ಅರ್ಜಿಯ ಫಾರ್ಮ್ ತೆರೆಯುತ್ತಿದ್ದೆ, ಎರಡು ಕಾಲಂ ತುಂಬುತ್ತಿದ್ದೆ, ಮುಚ್ಚುತ್ತಿದ್ದೆ. ಮೊದಲು ಚೋವಾ ಚು ಕಾಂಗ್‌ನಲ್ಲಿದ್ದೆವು, ಆಮೇಲೆ ಯಿಶುನ್‌ಗೆ ಶಿಫ್ಟ್ ಆದೆವು. ಮನೆಯಲ್ಲಿ ಕೂತರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಣಗಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದೆ, ಲಿಫ್ಟ್ ಬಿಟ್ಟು ಹನ್ನೊಂದು ಮಹಡಿ ಹತ್ತಿ ಇಳಿಯುತ್ತಿದ್ದೆ. ಯಾವುದಾದರೂ ಸರಿ, ಒಂದು ಕೆಲಸ ಇರಲಿ ಎಂದು ಈ ಆಫೀಸಿಗೆ ಸೇರಿಕೊಂಡೆ.

ನನ್ನ ಪಾಲಿಗೆ ಬಂದದ್ದು ಡೆನ್ಮಾರ್ಕಿನ ಒಂದು ಕ್ಲಬ್ಬು. ಸಮುದ್ರದ ನೀರು ಉದ್ದಕ್ಕೆ ಒಳನಾಡಿಗೆ ನುಗ್ಗಿ ಬಂದಿರುವ ಕಡೆ ಇರುವ ಒಂದು ಸಣ್ಣ ಊರಿನದು. ಅಲ್ಲಿ ಶನಿವಾರ, ಭಾನುವಾರ ಆಡಿದ ಆಟ ಸೋಮವಾರ ಬೆಳಿಗ್ಗೆ ನನ್ನ ಪರದೆಗೆ ಬರುತ್ತಿತ್ತು. ಚಳಿಗಾಲದ ಮಂಜಿನಲ್ಲಿ ಬೆನ್ನಿನ ಮೇಲಿನ ನಂಬರು ಕಾಣದೆ ಹೋದರೆ ಯಾರು ಯಾರೆಂದು ಕೇಳಲು ಕ್ಲಬ್ಬಿನವರು ಒಬ್ಬರನ್ನು ಗೊತ್ತುಮಾಡಿದ್ದರು. ನಿವೃತ್ತ ಶಾಲಾ ಮೇಷ್ಟ್ರು, ಎಪ್ಪತ್ತು ದಾಟಿದವರು. ಹುಡುಗನಾಗಿದ್ದಾಗಿನಿಂದ ಆ ಊರಿನ ಪ್ರತಿಯೊಂದು ಪಂದ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು. ನಾನು, “ಅರವತ್ತಮೂರನೇ ನಿಮಿಷದಲ್ಲಿ ಥ್ರೋ-ಇನ್ ಮಾಡಿದವರು ಮೂರನೇ ನಂಬರೋ ಹದಿಮೂರೋ?” ಎಂದು ಮೇಲ್ ಮಾಡಿದರೆ, “ಮೂರು,” ಎಂದು ಮೊದಲ ಸಾಲಿನಲ್ಲಿ ಬರೆದು, ಕೆಳಗೆ ಎರಡು ಪುಟ ಕ್ಲಬ್ಬಿನ ಕಥೆ ಬರೆಯುತ್ತಿದ್ದರು. ಕೇಳುವವರು ಅವರಿಗೆ ಅಲ್ಲಿ ಯಾರೂ ಉಳಿದಿರಲಿಲ್ಲವೇನೋ.

ಹಾಗೆ ನನಗೆ ಗೊತ್ತಾಯಿತು, ಆ ಊರಿನಲ್ಲಿ ಮೊದಲು ಇದ್ದದ್ದು ಒಂದಲ್ಲ, ಎರಡು ಕ್ಲಬ್ಬು. ಒಂದು ರೈಲ್ವೆ ಕೆಲಸಗಾರರದು, ಇನ್ನೊಂದು ಅಂಗಡಿಯವರದು, ಗುಮಾಸ್ತರದು. ಇಬ್ಬರ ಮೈದಾನಗಳ ನಡುವೆ ಇದ್ದದ್ದು ಒಂದೇ ರಸ್ತೆ. ಆಟಕ್ಕೆ ಸಂಬಳ ಪಡೆಯುವುದು ಅವರ ದೇಶದಲ್ಲಿ ಬಹಳ ಕಾಲ ನಿಷಿದ್ಧವಾಗಿತ್ತಂತೆ. ನಸುಕಿನಲ್ಲಿ ಬೇಕರಿಯಲ್ಲಿ ಬ್ರೆಡ್ ಬೇಯಿಸಿದವನು ಮಧ್ಯಾಹ್ನ ಗೋಲು ಹೊಡೆಯುತ್ತಿದ್ದ. ಚೆನ್ನಾಗಿ ಆಡುವವರು ಜರ್ಮನಿಗೋ ಹಾಲೆಂಡಿಗೋ ಹೋಗಿಬಿಡುತ್ತಿದ್ದರು. ಆಮೇಲೆ ಸಂಬಳದ ಆಟ ಬಂತು. ಎರಡೂ ಕ್ಲಬ್ಬುಗಳು ಬೇರೆ ಬೇರೆಯಾಗಿದ್ದರೆ ಎರಡೂ ಉಳಿಯುವುದಿಲ್ಲ ಎಂದಾಯಿತು. ಒಂದು ಚಳಿಗಾಲ ಕೂತು ಮಾತಾಡಿ ಒಂದು ಮಾಡಿದರು. ಇವರ ಕೆಂಪೂ ಬೇಡ, ಅವರ ನೀಲಿಯೂ ಬೇಡ ಎಂದು ಹಳದಿ ಅಂಗಿ ಹೊಲಿಸಿದರು. ಮೇಷ್ಟ್ರ ತಂದೆ ರೈಲ್ವೆಯವರು. ಆ ದಿನದಿಂದ ತಂದೆ ಮೈದಾನದೊಳಗೆ ಕಾಲಿಡಲಿಲ್ಲ. ಭಾನುವಾರ ನಾಯಿಯನ್ನು ಕರೆದುಕೊಂಡು ಬಂದು, ಬೇಲಿಯ ಹೊರಗೆ, ಆಟಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರಂತೆ. ಕಿವಿಯಿಂದಲೇ ಸ್ಕೋರು ತಿಳಿದುಕೊಂಡು ಮನೆಗೆ ಹೋಗುತ್ತಿದ್ದರಂತೆ.

ಹಳದಿ ಅಂಗಿಯವರು ಮೇಲಿನ ದರ್ಜೆಗೆ ಹೋದರು, ಬಿದ್ದರು, ಮತ್ತೆ ಹತ್ತಿದರು. ಈಚೆಗೆ ಬೇರೆ ದೇಶದ ಮಾಲೀಕರು ಕೊಂಡುಕೊಂಡಮೇಲೆ ಎಲ್ಲಕ್ಕೂ ಅಂಕಿ ಅಂಶ ಬೇಕಾಗಿ, ಅದರಿಂದಾಗಿ ಯಿಶುನ್‌ನ ನಾನು ಅವರ ಕಾಲುಗಳನ್ನು ಎಣಿಸುವವಳಾದೆ.

ಮೂರನೇ ನಂಬರಿನವನು ಎಡಬದಿಯ ಡಿಫೆಂಡರ್. ವಯಸ್ಸು ಮೂವತ್ತರ ಮೇಲೆ. ಆ ತಂಡದಲ್ಲಿ ಅದೇ ಊರಿನಲ್ಲಿ ಹುಟ್ಟಿದವನು ಅವನೊಬ್ಬನೇ. ಬಲಗಾಲನ್ನು ಗಟ್ಟಿಯಾಗಿ ಊರಿ ಎಡಗಾಲಿನಿಂದ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸುವುದು ಅವನ ಆಟ. ಇಡೀ ಒಂದು ಸೀಸನ್ನು ಅವನ ಒಂದೊಂದು ಹೆಜ್ಜೆಯನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದ್ದೆ. ಎರಡನೇ ಸೀಸನ್ನಿನ ನಡುವೆ ಒಂದು ಸೋಮವಾರ, ಬಲಗಾಲು ಊರುವ ಮೊದಲು ಅವನು ಒಂದು ಪುಟ್ಟ ಹೆಜ್ಜೆ ಹೆಚ್ಚು ಇಟ್ಟದ್ದು ಕಂಡಿತು. ಮುಂದಿನ ವಾರವೂ ಕಂಡಿತು. ಮೇಲೆ ಹಾರಿ ಚೆಂಡಿಗೆ ತಲೆ ಕೊಟ್ಟಮೇಲೆ ಇಳಿಯುವಾಗ ಬರೀ ಎಡಗಾಲ ಮೇಲೆ ಇಳಿಯುತ್ತಿದ್ದ. ಥಟ್ಟನೆ ತಿರುಗಬೇಕಾದಲ್ಲಿ ಸುತ್ತು ಹಾಕಿ ತಿರುಗುತ್ತಿದ್ದ. ಇದೆಲ್ಲ ವಿರಾಮ ಮುಗಿದ ಮೊದಲ ಹತ್ತು ನಿಮಿಷ ಇನ್ನೂ ಜಾಸ್ತಿ. ಸ್ವಲ್ಪ ಹೊತ್ತು ಕೂತು ಎದ್ದವರ ಮಂಡಿ ಹಿಡಿದುಕೊಳ್ಳುತ್ತದಲ್ಲ, ಹಾಗೆ.

ಮನೆಗೆ ಬಂದು ಹಾಲ್‌ನಲ್ಲಿ ಅವನ ಹಾಗೆ ಓಡಿ, ಹಾರಿ, ಇಳಿದು ನೋಡಿದೆ. ಸೋಫಾದ ಮೇಲಿದ್ದ ಮಗಳು ಹೆಡ್‌ಫೋನ್ ತೆಗೆದಳು. ಅವಳಿಗೆ ಆಗ ಹದಿನಾಲ್ಕು, ಇಲ್ಲಿಯವರ ಹಾಗೆ ಮಾತಿನ ಕೊನೆಗೆ ‘ಲಾ’ ಸೇರಿಸುವುದನ್ನು ಕಲಿತಿದ್ದಳು.

“ಅಮ್ಮ, ಏನ್ ಮಾಡ್ತಿದೀಯ? ಕೆಳಗಡೆ ಮನೆ ಆಂಟಿ ಕಂಪ್ಲೇಂಟ್ ಮಾಡ್ತಾರೆ ಲಾ.”

“ಇನ್ನೊಂದ್ಸಲ ಹಾರ್ತೀನಿ, ನಾನು ಯಾವ ಕಾಲ್ ಮೇಲೆ ಇಳಿದೆ ನೋಡಿ ಹೇಳು.”

“ಲೆಫ್ಟ್. ಪ್ಲೀಸ್, ಸಾಕು.”

ಮಾರನೆಯ ದಿನ ನಮ್ಮ ಟೀಮ್ ಲೀಡ್‌ಗೆ ತೋರಿಸಿದೆ. ಇಲ್ಲೇ ಹುಟ್ಟಿ ಬೆಳೆದ ಚೀನೀ ಹೆಂಗಸು, ನನಗಿಂತ ಚಿಕ್ಕವಳು, ಮಾತು ಕಡಿಮೆ. ಎರಡು ಕ್ಲಿಪ್ ನೋಡಿದಳು. “ನಮ್ಮ ಟೂಲ್‌ನಲ್ಲಿ ಮಂಡಿಗೆ ಬಟನ್ ಇಲ್ಲ,” ಎಂದಳು. ಆಮೇಲೆ, “ಅವರ ಹತ್ರ ಡಾಕ್ಟರ್ ಇದ್ದಾರೆ. ನಾವು ಟ್ಯಾಗ್ ಮಾಡೋರು ಅಷ್ಟೇ, ಲಾ,” ಎಂದಳು. ತಪ್ಪೇನೂ ಹೇಳಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಗಂಡನಿಗೂ ಹೇಳಿದೆ.

“ನಿಂಗ್ಯಾಕೆ ಅದು?” ಎಂದರು. “ಕ್ಲಯಂಟ್‌ಗೆ ಅದೆಲ್ಲ ಬರೆದ್ರೆ ಪ್ರಾಬ್ಲಮ್ ಆಗಲ್ವಾ?”

“ಹರಿದಿರೋ ಮಂಡಿ ಮೇಲೆ ಆಡ್ತಿದ್ರೆ ಮುಂದೆ ನಡೆಯೋದೇ ಕಷ್ಟ ಆಗುತ್ತೆ ರೀ.”

“ಹರಿದಿದೆ ಅಂತ ಇಲ್ಲಿಂದ ನಿಂಗೆ ಹೇಗೆ ಗೊತ್ತಾಗುತ್ತೆ?”

ನನಗೆ ಗೊತ್ತಿತ್ತು. ಗೊತ್ತಿರುವುದೇ ತೊಂದರೆಯಾಗಿತ್ತು. ಎಷ್ಟೋ ವರ್ಷಗಳ ಮೇಲೆ ನನಗೆ ಮಾತ್ರ ಗೊತ್ತಿರುವ ಸಂಗತಿಯೊಂದು ನನ್ನ ಕೈಗೆ ಬಂದಿತ್ತು, ಅದನ್ನು ಹಿಡಿದುಕೊಂಡು ಕೂರಲು ಆಗುತ್ತಿರಲಿಲ್ಲ. ಎಂಆರ್‌ಟಿ ರೈಲಿನಲ್ಲಿ ನಿಂತಿದ್ದರೂ ಇಳಿಯುವವರ ಕಾಲುಗಳನ್ನೇ ನೋಡುತ್ತಿದ್ದೆ. ಎರಡು ಸಲ ನಮ್ಮ ಸ್ಟೇಷನ್ ದಾಟಿ ಮುಂದೆ ಹೋದೆ.

ಮೂರನೆಯ ಸೋಮವಾರ ಮೇಷ್ಟ್ರಿಗೆ ಎಂದಿನಂತೆ ನಂಬರುಗಳ ಬಗ್ಗೆ ಕೇಳಿ, ಕೊನೆಗೆ ಒಂದು ಸಾಲು ಸೇರಿಸಿದೆ. “ಮೂರನೇ ನಂಬರಿನವರ ಬಲಮಂಡಿಯನ್ನು ಯಾರಾದರೂ ನೋಡುತ್ತಿದ್ದಾರೆಯೇ? ನಾನು ಹಿಂದೆ ಫಿಸಿಯೋಥೆರಪಿಸ್ಟ್ ಆಗಿದ್ದೆ.” ಕಳಿಸಿದ ಮೇಲೆ ಎದ್ದು ಪ್ಯಾಂಟ್ರಿಗೆ ಹೋಗಿ ನೀರು ಕುಡಿದೆ. ಬಂದು ಕೂತು ಮತ್ತೆ ಎದ್ದು ಹೋಗಿ ಇನ್ನೊಂದು ಲೋಟ ಕುಡಿದೆ.

ಯಾವ ಮೇಲಿಗೂ ಅರ್ಧ ದಿನದಲ್ಲಿ ಉತ್ತರ ಬರೆಯುತ್ತಿದ್ದವರು ನಾಲ್ಕು ದಿನ ಬರೆಯಲಿಲ್ಲ. ಸೊಪ್ಪು ಕೊಳ್ಳಲು ಹೋದವಳು ಬರೀ ಕೈಯಲ್ಲಿ ವಾಪಸು ಬಂದೆ. ಮಗಳು ಏನೋ ಕೇಳಿದರೆ ಇನ್ನೇನೋ ಹೇಳಿದೆ. ಮೇಲ್ ವಾಪಸು ಪಡೆಯಲು ಆಗುತ್ತದೆಯೇ ಎಂದು ಹುಡುಕಿಯೂ ನೋಡಿದೆ.

ಐದನೆಯ ದಿನ ಮಧ್ಯಾಹ್ನ ನಾಲ್ಕೂವರೆಗೆ ಅವರು ವಿಡಿಯೋ ಕಾಲ್ ಮಾಡಿದರು. ಅವರ ಮುಖ ನೋಡಿದ್ದು ಅದೇ ಮೊದಲು. ತೆಳ್ಳಗಿನ ಮನುಷ್ಯ, ಸ್ವೆಟರ್, ಹಿಂದೆ ಕಪಾಟಿನ ತುಂಬ ನೋಟ್‌ಬುಕ್ಕು. ನಿಧಾನವಾದ ಇಂಗ್ಲಿಷ್.

“ನಿಮ್ಮ ಸಾಲನ್ನು ಡಾಕ್ಟರಿಗೆ ಓದಿ ಹೇಳಿದೆ,” ಎಂದರು. “ಸ್ಕ್ಯಾನ್ ಆಯಿತು. ಕಾರ್ಟಿಲೇಜು ಹರಿದಿದೆ. ಆಪರೇಷನ್ ಮಾಡುತ್ತಾರೆ. ಈ ಸೀಸನ್ ಅವನಿಗೆ ಮುಗಿಯಿತು.”

“ಅವರು ಏನಂದರು?”

“ಕುರ್ಚಿಯನ್ನು ಒದ್ದ. ಎಡಗಾಲಿನಿಂದ.”

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೂ ನಗಲಿಲ್ಲ. “ಡಾಕ್ಟರ ಹತ್ತಿರ ಹೋಗುವ ಮುಂಚೆ ನಾನೂ ಮೂರು ದಿನ ಸುಮ್ಮನಿದ್ದೆ,” ಎಂದು ಒಂದು ಕಥೆ ಹೇಳಿದರು. ಎರಡು ಕ್ಲಬ್ಬು ಒಂದಾಗುವ ಮುಂಚಿನದು. ಅವರಿಗಾಗ ಇಪ್ಪತ್ತು ವಯಸ್ಸು. ರೈಲ್ವೆ ತಂಡದ ಗೋಲ್‌ಕೀಪರ್ ಬಿಟ್ಟ ಗೋಲುಗಳೆಲ್ಲ ಎಡಬದಿಯಿಂದಲೇ ಬರುತ್ತಿರುವುದು ಅವರ ನೋಟ್‌ಬುಕ್ಕಿನಲ್ಲಿ ಕಂಡಿತು. ಹೋಗಿ ಕೇಳಿದರೆ ಆ ಗೋಲ್‌ಕೀಪರ್, ಎಡಗಣ್ಣು ಮಂಜಾಗುತ್ತಿದೆ, ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡ. ಗೊತ್ತಾದರೆ ಆಟವೂ ಹೋಗುತ್ತದೆ, ರೈಲ್ವೆ ಕೆಲಸವೂ ಹೋಗುತ್ತದೆ. ಇವರು ಹೇಳಲಿಲ್ಲ. ಆ ವಸಂತದಲ್ಲಿ ಅವನು ಕಾಣದ ಗೋಲು ಕಂಬಕ್ಕೆ ಓಡಿ ಬಂದು ಹೊಡೆದುಕೊಂಡ. ಭುಜ ಪುಡಿಯಾಯಿತು. ಆ ಕೈ ಮತ್ತೆ ಮೇಲೆ ಏಳಲಿಲ್ಲ.

“ಒಂದು ಸಲ ಸುಮ್ಮನಿದ್ದು ನೋಡಿದ್ದೇನೆ,” ಎಂದರು. “ಹೇಳಿದರೂ ಅಷ್ಟೇನೂ ಹಗುರ ಅನ್ನಿಸುತ್ತಿಲ್ಲ.”

ವಸಂತ ಕಳೆದು ಸೀಸನ್ ಮುಗಿಯುವ ಹೊತ್ತಿಗೆ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಮೂರು ಸಾಲು ಬಂತು. ಮೂರನೇ ನಂಬರಿನವನ ಒಪ್ಪಂದ ಮುಂದುವರಿಸುತ್ತಿಲ್ಲ, ಇಷ್ಟು ವರ್ಷದ ಸೇವೆಗೆ ಕೃತಜ್ಞತೆ. ಜೊತೆಗೆ ಹಳದಿ ಅಂಗಿಯ ಒಂದು ಫೋಟೋ. ಅಷ್ಟರಲ್ಲಿ ನನ್ನ ಮೇಲ್ ಟೀಮ್ ಲೀಡ್ ಕಣ್ಣಿಗೂ ಬಿದ್ದಿತ್ತು. ಸಣ್ಣ ಮೀಟಿಂಗ್ ರೂಮಿಗೆ ಕರೆದು, ಇನ್ನೊಮ್ಮೆ ಹೀಗೆ ಮಾಡಿದರೆ ಮೇಲಿನವರಿಗೆ ಹೇಳಬೇಕಾಗುತ್ತದೆ ಎಂದಳು. ನಾನು ತಲೆಯಾಡಿಸಿದೆ. ಬಾಗಿಲ ಹತ್ತಿರ ಹೋದವಳು ನಿಂತು, ಬಲಭುಜ ತಿರುಗಿಸುತ್ತಾ, “ಇಲ್ಲಿ ಎತ್ತಿದ್ರೆ ಟಕ್ ಅನ್ನುತ್ತೆ, ಏನಿರಬಹುದು?” ಎಂದು ಕೇಳಿದಳು.

ಮಾಡಿದ್ದು ಸರಿ ಎಂದು ಗಂಡನೂ ಈಗ ಹೇಳತೊಡಗಿದ್ದರು. ಅವರು ಹಾಗೆ ಹೇಳಿದಷ್ಟೂ ನನಗೆ ಕಸಿವಿಸಿ ಹೆಚ್ಚಾಗುತ್ತಿತ್ತು. ಅವನ ಮಂಡಿಗಾಗಿ ಬರೆದೆನೋ, ನನ್ನ ಕಣ್ಣು ಇನ್ನೂ ಚುರುಕಾಗಿದೆ ಎಂದು ಯಾರಿಗಾದರೂ ತೋರಿಸಲು ಬರೆದೆನೋ? ಪಾತ್ರೆ ತೊಳೆಯುವಾಗ, ಲಿಫ್ಟಿಗೆ ಕಾಯುವಾಗ ಅದೇ ಯೋಚನೆ. ಒಂದು ಸಂಜೆ ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಆ ಕಂಬದಿಂದ ಈ ಕಂಬಕ್ಕೆ ಓಡಾಡುತ್ತಿದ್ದಾಗ ಒಂದು ಸಂಗತಿ ಹೊಳೆದು ಅಲ್ಲೇ ನಿಂತೆ. ಟೀಮ್ ಲೀಡನ್ನು ಕೇಳಿದ್ದೆ, ಗಂಡನನ್ನು ಕೇಳಿದ್ದೆ, ಮೇಷ್ಟ್ರನ್ನು ಕೇಳಿದ್ದೆ. ಮಂಡಿ ಯಾರದೋ ಅವನನ್ನು ಮಾತ್ರ ಕೇಳಿರಲಿಲ್ಲ.

ಮೇಷ್ಟ್ರ ಮೂಲಕ ಅವನಿಗೆ ಒಂದು ಕಾಗದ ಕಳಿಸಿದೆ. ನಾನು ಯಾರು, ಏನು ಕಂಡೆ, ಯಾಕೆ ಬರೆದೆ ಎಂದು. ಕ್ಷಮೆ ಕೇಳಲಿಲ್ಲ, ಸಮರ್ಥನೆಯನ್ನೂ ಮಾಡಿಕೊಳ್ಳಲಿಲ್ಲ. ಮೊದಲು ನಿಮ್ಮನ್ನೇ ಕೇಳಬೇಕಾಗಿತ್ತು ಎಂದಷ್ಟೇ ಕೊನೆಗೆ ಬರೆದೆ. ಐದು ವಾರದ ಮೇಲೆ ಉತ್ತರ ಬಂತು.

“ನನಗೆ ಗೊತ್ತಿತ್ತು. ಇನ್ನು ಆರು ಪಂದ್ಯ ಆಡಿದ್ದರೆ ಒಪ್ಪಂದದ ಪ್ರಕಾರ ಮತ್ತೊಂದು ವರ್ಷ ನನ್ನನ್ನು ಇಟ್ಟುಕೊಳ್ಳಲೇಬೇಕಾಗುತ್ತಿತ್ತು. ನೀವು ನನ್ನನ್ನು ಕೇಳಿದ್ದರೆ ಏನೂ ಆಗಿಲ್ಲ ಎಂದು ಸುಳ್ಳು ಹೇಳುತ್ತಿದ್ದೆ. ನೀವು ಮಾಡಿದ್ದು ಸರಿ ಎಂದು ಹೇಳಲು ನನಗಿನ್ನೂ ಮನಸ್ಸು ಬರುತ್ತಿಲ್ಲ. ಈಗ ಮೆಟ್ಟಿಲು ಇಳಿಯಲು ಆಗುತ್ತದೆ. ಹಿತ್ತಲಿನಲ್ಲಿ ಮಗಳ ಜೊತೆ ಚೆಂಡು ಒದೆಯುತ್ತೇನೆ, ಮೆಲ್ಲಗೆ.”

ಅದಕ್ಕೆ ಉತ್ತರವಾಗಿ, ಮಂಡಿಗೆ ಬಲ ಬರಲು ಮಾಡಬೇಕಾದ ಮೂರು ವ್ಯಾಯಾಮ ಬರೆದು ಕಳಿಸಿದೆ. ಅವನು ಮತ್ತೆ ಬರೆಯಲಿಲ್ಲ. ಕ್ಲಬ್ಬು ಕೊನೆಯ ಪಂದ್ಯದಲ್ಲಿ ಡ್ರಾ ಮಾಡಿಕೊಂಡು ಕೆಳಗಿನ ದರ್ಜೆಗೆ ಬೀಳದೆ ಉಳಿದಿದೆ ಎಂದು ಮೇಷ್ಟ್ರಿಂದ ತಿಳಿಯಿತು. ಆ ಹೊತ್ತಿಗಾಗಲೇ ನಾನು ಬೇರೆ ತಂಡ ಕೊಡಿ ಎಂದು ಕೇಳಿ ಪಡೆದಿದ್ದೆ. ಹೊಸ ತಂಡದ ಹನ್ನೊಂದು ಜನರ ಕಾಲನ್ನೂ ಬರೀ ಕಾಲೆಂದು ನೋಡಲು ಆಗಲೇ ಇಲ್ಲ. ಆರು ತಿಂಗಳಿಗೆ ಆ ಕೆಲಸ ಬಿಟ್ಟೆ.

ನೋಂದಣಿಯ ಅರ್ಜಿ ಕಳಿಸಿ ಆಗಿದೆ. ಉತ್ತರ ಬರುವವರೆಗೆ ಯಿಶುನ್‌ನಲ್ಲೇ ವಯಸ್ಸಾದವರ ಒಂದು ಕೇಂದ್ರದಲ್ಲಿ ಥೆರಪಿಸ್ಟರಿಗೆ ಸಹಾಯಕಿಯಾಗಿದ್ದೇನೆ. ಹೋದ ವಾರ ಸೊಂಟದ ಆಪರೇಷನ್ ಆದ ಒಬ್ಬ ಅಂಕಲ್ ಕಂಬಿ ಹಿಡಿದು ನಡೆಯುತ್ತಿದ್ದರು. ಶುಕ್ರವಾರ ಮನೆಗೆ ಕಳಿಸುವುದೋ ಬೇಡವೋ ಎಂದು ಥೆರಪಿಸ್ಟ್ ಅವತ್ತು ಸಂಜೆ ತೀರ್ಮಾನಿಸಬೇಕಿತ್ತು. ನೋವಿದೆಯಾ ಎಂದರೆ, ಇಲ್ಲ ಇಲ್ಲ ಎಂದು ಕೈಯಾಡಿಸಿದರು. ಎಡಗಾಲಿನ ಮೇಲೆ ಭಾರ ಬಿಡುತ್ತಿಲ್ಲ ಎನ್ನುವುದು ನನಗೆ ಕಾಣುತ್ತಿತ್ತು. ಥೆರಪಿಸ್ಟ್ ಇನ್ನೊಂದು ಕೋಣೆಯಲ್ಲಿದ್ದರು. ನಾನು ಒಂದು ಕುರ್ಚಿ ಎಳೆದು ಅಂಕಲ್ ಹತ್ತಿರ ಕೂತೆ. “ನಾನು ಹೋಗಿ ಅವರಿಗೆ ಹೇಳಬೇಕಾಗುತ್ತದೆ,” ಎಂದೆ. “ಅದಕ್ಕೆ ಮುಂಚೆ ನೀವೇ ಹೇಳಿ, ಎಲ್ಲಿ ನೋಯುತ್ತಿದೆ?” ಅವರು ಒಂದು ಕೈಯನ್ನು ಕಂಬಿಯಿಂದ ಬಿಡಿಸಿ ಎಡಸೊಂಟದ ಮೇಲೆ ಇಟ್ಟರು. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.