ಸಾಕ್ಷಿಯ ಫೋನಿನ ಚಾರ್ಜು

ಎರ್ನಾಕುಲಂನಲ್ಲಿ ನಾನು ವಕೀಲಿ ಶುರುಮಾಡಿ ಹದಿನೆಂಟು ವರ್ಷವಾಯಿತು. ಕಾಸರಗೋಡು ಕಡೆಯ ಕನ್ನಡದವರು ಕಾಗದಪತ್ರ ಹಿಡಿದು ಮೊದಲು ಬರುವುದು ನನ್ನ ಹತ್ತಿರ. ಬಂದವರ ಜೊತೆ ನೇರ ವಿಷಯಕ್ಕೆ ಇಳಿಯುವ ಪದ್ಧತಿ ನಮ್ಮಲ್ಲಿಲ್ಲ. ಊರಲ್ಲಿ ಮಳೆ ಹೇಗೆ, ಮಂಡಿನೋವು ಹೇಗೆ ಎಂದೆಲ್ಲ ವಿಚಾರಿಸಿದ ಮೇಲೆಯೇ ಫೈಲು ಬಿಚ್ಚುವುದು. ಇಲ್ಲದಿದ್ದರೆ "ಆ ವಕೀಲರಿಗೆ ಎಂಥಾ ಜಂಬ ಮಾರಾಯ್ರೇ" ಎಂಬ ಸುದ್ದಿ ನನಗಿಂತ ಮುಂಚೆ ಊರು ಮುಟ್ಟುತ್ತದೆ.

ಒಂದು ಜನವರಿಯಲ್ಲಿ ಐವತ್ತು ದಾಟಿದ, ಮದುವೆಯಾಗದ ಹೆಂಗಸೊಬ್ಬರ ಕೇಸು ನನ್ನ ಕೈಯಲ್ಲಿತ್ತು. ಎಡಪ್ಪಳ್ಳಿಯ ಫ್ಲ್ಯಾಟಿನಲ್ಲಿ ದೊಡ್ಡಮ್ಮನನ್ನು ಕೊನೆಯವರೆಗೂ ನೋಡಿಕೊಂಡವರು ಅವರು. ದೊಡ್ಡಮ್ಮ ಫ್ಲ್ಯಾಟನ್ನು ಅವರಿಗೇ ಉಯಿಲು ಬರೆದಿಟ್ಟಿದ್ದರು. ದೊಡ್ಡಮ್ಮನ ಮೈದುನ ಅದು ಸುಳ್ಳು ಉಯಿಲು ಎಂದು ಕೋರ್ಟಿಗೆ ಹೋದ. ಸಾಕ್ಷಿ ಸಹಿ ಹಾಕಿದ್ದ ಇಬ್ಬರಲ್ಲಿ ಒಬ್ಬರು ತೀರಿಹೋಗಿದ್ದರು. ಉಳಿದವರು ಅದೇ ಫ್ಲ್ಯಾಟಿನ ಹಳೆಯ ನೆರೆಯವರು, ನಮ್ಮೂರಿನ ಕಡೆಯ ನಿವೃತ್ತ ಸರಕಾರಿ ನೌಕರರು. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದರು. ವಿಡಿಯೋದಲ್ಲಿ ಸಾಕ್ಷಿ ಹೇಳಲು ನ್ಯಾಯಾಧೀಶರು ಒಪ್ಪಿದ್ದರು. ಇಡೀ ಕೇಸಿಗೆ ಬೇಕಾಗಿದ್ದದ್ದು ಅವರ ಬಾಯಿಯ ನಾಲ್ಕು ಮಾತು.

ಅದೇ ವಾರ ಅಲ್ಲಿ ಬಿರುಗಾಳಿ. ಅರ್ಧ ದೇಶಕ್ಕೆ ಹಿಮ, ಉಳಿದ ಕಡೆ ಮಳೆ, ಮಂಜುಗಡ್ಡೆ. ಅದರ ಭಾರಕ್ಕೆ ತಂತಿ ಹರಿದು ಅವರ ಮನೆಯಲ್ಲಿ ಎರಡು ದಿನದಿಂದ ಕರೆಂಟಿರಲಿಲ್ಲ. ಮಗಳು ಕಾರಿನ ಸಮೇತ ಕೆಲಸದ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದಳು. "ಸ್ವಲ್ಪವೇ ಚಾರ್ಜು ಉಳಿದಿದೆ, ಫೋನು ಆಫ್ ಮಾಡಿ ಇಡುತ್ತೇನೆ" ಎಂದು ಅವರು ಮೆಸೇಜು ಕಳಿಸಿದ್ದರು.

ನಾಲ್ಕು ಗಂಟೆಗೆ ವಿಚಾರಣೆ. ಮೂರೂವರೆಗೆ, ಲೈನು ಸರಿಯಿದೆಯೇ ನೋಡಲು ವಕೀಲರ ಕೋಣೆಯಿಂದ ಕರೆ ಮಾಡಿದೆ. ನನ್ನ ಕಕ್ಷಿದಾರರು ಆಚೆ ಕೋರ್ಟಿನ ವರಾಂಡದಲ್ಲಿ ಕಾಯುತ್ತಿದ್ದರು. ಅರ್ಧ ನಿಮಿಷದ ಕೆಲಸ. ಆದರೆ ಹಿರಿಯರು, ಊರಿನವರು. ಹಾಗೆ ಹೇಗೆ ಇಟ್ಟುಬಿಡುವುದು?

"ಅಂಕಲ್, ಹಿಮ ಹೇಗುಂಟು?" ಎಂದೆ.

"ಅಯ್ಯೋ, ಕೇಳ್ಬೇಡ ಮಗಾ! ಬಾಗಿಲು ತೆಗೀಲಿಕ್ಕೆ ಎಡಿಯುದಿಲ್ಲ. ನಿಲ್ಲು, ತೋರಿಸ್ತೇನೆ."

ಅಲ್ಲಿನ್ನೂ ಬೆಳಗಾಗಿರಲಿಲ್ಲ; ಟಾರ್ಚು ಹಿಡಿದು ಒಂದೊಂದೇ ಕಿಟಕಿಗೆ ಫೋನು ಒಯ್ದರು. ಮೆಟ್ಟಿಲು ಕಾಣುತ್ತಿರಲಿಲ್ಲ. ಮರದ ಕೊಂಬೆಗಳ ಮೇಲೆಲ್ಲ ಗಾಜು ಹೊದಿಸಿದಂತಿತ್ತು. ಕಪ್ಪು ಕೋಟಿನೊಳಗೆ ಬೆವರುತ್ತ ನಾನು ಬಾಯಿಬಿಟ್ಟು ನೋಡಿದೆ. ಹುಟ್ಟಿದಂದಿನಿಂದ ಹಿಮ ಕಂಡವಳಲ್ಲ. "ಆ ಕಡೆ ಕಿಟಕಿ ಇನ್ನೊಮ್ಮೆ ತೋರಿಸಿ ಅಂಕಲ್" ಎಂದವಳೂ ನಾನೇ. ಊಟ ಏನು ಮಾಡಿದಿರಿ, ಚಳಿಗೆ ಏನು ಹೊದೆಯುತ್ತೀರಿ ಎಂದು ಕೇಳಿ ಮುಗಿಸುವಾಗ ಇಪ್ಪತ್ತು ನಿಮಿಷ ಕಳೆದಿತ್ತು.

ನಾಲ್ಕಕ್ಕೆ ಪರದೆಯ ಮೇಲೆ ಅವರ ಮುಖ ಬಂತು. ಪ್ರಮಾಣ ಮಾಡಿದರು, ಹೆಸರು ಹೇಳಿದರು.

"ಉಯಿಲು ಬರೆದವರು ಸಹಿ ಹಾಕಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?"

"ನೋಡಿದ್ದೇನೆ. ಆಮೇಲೆ ನಾನು..."

ಪರದೆ ಕಪ್ಪಾಯಿತು. ಮತ್ತೆ ಮತ್ತೆ ಕರೆದರೂ ಸಿಗಲಿಲ್ಲ. ತಾವೂ ಅವರೆದುರೇ ಸಹಿ ಹಾಕಿದ್ದನ್ನು ಹೇಳುವುದು, ಎದುರು ವಕೀಲರ ಪ್ರಶ್ನೆಗಳಿಗೆ ಉತ್ತರಿಸುವುದು ಎಲ್ಲ ಬಾಕಿಯಿತ್ತು; ಅರ್ಧ ಸಾಕ್ಷಿ ಲೆಕ್ಕಕ್ಕೆ ಬರುವುದಿಲ್ಲ.

ನ್ಯಾಯಾಧೀಶರು ಒಳ್ಳೆಯವರು, ಮುಂದಿನ ತಿಂಗಳಿಗೆ ಇನ್ನೊಂದು ದಿನ ಕೊಟ್ಟರು. ಅಷ್ಟರಲ್ಲಿ ಹಿರಿಯರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಸಹಿಯ ಅಕ್ಷರ ಹೋಲಿಸಿ ಉಯಿಲು ಸಾಬೀತು ಮಾಡಬಹುದಿತ್ತು, ಹೇಳಿದೆ ಕೂಡ. ವರ್ಷಗಟ್ಟಲೆ ಓಡಾಡುವ ತ್ರಾಣ ಆ ಹೆಂಗಸಿಗೆ ಉಳಿದಿರಲಿಲ್ಲ. ರಾಜಿಯಾಯಿತು. ಫ್ಲ್ಯಾಟು ಮೈದುನನ ಪಾಲಾಯಿತು. ಅವರು ಬಾಡಿಗೆಯ ಒಂದು ಕೋಣೆ ಹುಡುಕಿಕೊಂಡರು.

ರಾಜಿಪತ್ರಕ್ಕೆ ಸಹಿ ಹಾಕಿ ಪೆನ್ನು ನನಗೆ ಕೊಡುವಾಗ ನನ್ನ ಮುಖ ನೋಡಿ ಅವರೇ ನನಗೆ ಸಮಾಧಾನ ಹೇಳಿದರು. "ನೀವು ಯಾಕೆ ಬೇಜಾರು ಮಾಡ್ತೀರಿ ಮೇಡಂ? ನಿಮ್ಮಿಂದ ಎಂತ ತಪ್ಪಾಯ್ತು? ಎಲ್ಲ ಆ ಹಾಳು ಹಿಮದಿಂದ."

"ಹೌದು" ಎಂದೆ.