ಮೂರನೆಯ ಬಿಸ್ಕತ್ತು

ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಅವನನ್ನು ಎಲ್ಲರೂ ಎಣಿಕೆಯಣ್ಣ ಎನ್ನುತ್ತಿದ್ದೆವು. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಒಂದು ಫಾರಂ. ಮಡಿಸುವುದು ನನ್ನ ಕೆಲಸ, ಫಾರಂಗಳನ್ನು ಎಣಿಸಿ ಪುಸ್ತಕ ಹೊಲಿಯುವುದು ಅವನದು. ಹತ್ತೊಂಬತ್ತು ವರ್ಷ ಎದುರುಬದುರು ಕೂತು ದುಡಿದಿದ್ದೇವೆ. ನಾನು ಕೊಟ್ಟ ಕಟ್ಟನ್ನು ಒಂದು ದಿನವೂ ಅವನು ಎಣಿಸದೆ ಸೂಜಿ ಹಾಕಲಿಲ್ಲ. "ತಂಗಿ, ಅನುಮಾನ ನಿನ್ನ ಮೇಲಲ್ಲಮ್ಮ, ಹಾಳೆ ಮೇಲೆ" ಎನ್ನುತ್ತಿದ್ದ. ಹಾಳೆ ತಾನಾಗಿಯೇ ಎದ್ದು ಓಡಿಹೋಗುತ್ತದೆಯೇ?

ಮನೆಯಲ್ಲೂ ಅದೇ ಕಥೆ. ಬೀಗ ಹಾಕಿ ಮೂರು ಸಲ ಎಳೆಯುವುದು, ಬೀದಿಯ ತುದಿಯವರೆಗೆ ಹೋಗಿ ವಾಪಸು ಬಂದು ನಾಲ್ಕನೆಯ ಸಲ ಎಳೆಯುವುದು. ಔಷಧಿ ಅಂಗಡಿಯವನ ಮುಂದೆಯೇ ಮಾತ್ರೆ ಎಣಿಸುವುದು. ಅವನ ಹೆಂಡತಿ ಒಮ್ಮೆ ನಗುತ್ತಾ ಹೇಳಿದ್ದಳು: "ನಮ್ಮ ಮದುವೆ ಫೋಟೋದಲ್ಲಿ ಮೂವತ್ತೊಂದು ಜನ ಇದ್ದಾರಂತೆ, ಇವರಿಗೆ ಗೊತ್ತಿರೋದು ಮೂವತ್ತೇ ಜನ. ಆ ಮೂಲೇಲಿ ನಿಂತಿರೋನು ಯಾರು ಅಂತ ಇಪ್ಪತ್ತು ವರ್ಷದಿಂದ ನನ್ನನ್ನ ಕೇಳ್ತಾನೇ ಇದ್ದಾರೆ ನೋಡಿ!"

ನಾಲ್ಕು ಗಂಟೆಯ ಟೀ ಜೊತೆ ಅವನು ತಿನ್ನುತ್ತಿದ್ದುದು ಎರಡೇ ಬಿಸ್ಕತ್ತು. ಅದಕ್ಕೂ ಒಂದು ವಾದವಿತ್ತು. "ಎರಡು ಅದ್ದಿ ತಿನ್ನೋ ಹೊತ್ತಿಗೆ ಲೋಟ ಅರ್ಧ ಆಗಿರುತ್ತೆ. ಉಳಿದರ್ಧ ಕುಡಿಯೋಕೆ. ಮೂರನೇದು ಅದ್ದಿದ್ರೆ ಮುರಿದು ತಳ ಸೇರುತ್ತೆ, ಆಮೇಲೆ ಕುಡಿಯೋದು ಟೀ ಅಲ್ಲ, ಗೋಂದು." ಅಂಟು ಕಾಯಿಸುವ ಜಾಗದಲ್ಲಿ ಕೂತು ಹೀಗೆ ಹೇಳಿದರೆ ನಂಬದೆ ಇರುವುದು ಹೇಗೆ?

ಆದರೆ ಮೂರನೆಯ ಬಿಸ್ಕತ್ತಿಗೆ ಅವನು ಹೆದರುತ್ತಿದ್ದುದು ಬೇರೆ ಕಾರಣಕ್ಕೆ. ಯಜಮಾನರು ತಮ್ಮ ಕೋಣೆಗೆ ಯಾರನ್ನು ಕರೆದರೂ ಟೀ ಕೊಡುತ್ತಿದ್ದರು, ತಟ್ಟೆಯಲ್ಲಿ ಎರಡು ಬಿಸ್ಕತ್ತು. ರಟ್ಟು ಕತ್ತರಿಸುವವನನ್ನು ಕೆಲಸದಿಂದ ಬಿಡಿಸಿದ ದಿನ ಮೂರು ಇದ್ದವಂತೆ. ಕಾವಲಿನ ತಾತನನ್ನು ಮನೆಗೆ ಕಳಿಸಿದ ದಿನ ನಾಲ್ಕು. ಇಷ್ಟು ಸಾಕಾಯಿತು ನಮಗೆ. ಕೋಣೆಯಿಂದ ಯಾರು ಹೊರಗೆ ಬಂದರೂ ಮೊದಲ ಪ್ರಶ್ನೆ "ಏನಂದ್ರು?" ಅಲ್ಲ, "ಎಷ್ಟಿತ್ತು?"

ಕಳೆದ ತಿಂಗಳು ಒಂದು ಶುಕ್ರವಾರ ಯಜಮಾನರು ಅಣ್ಣನನ್ನು ಕರೆದರು. ಅದಕ್ಕೆ ಮುಂಚಿನ ವಾರವೇ ಅವರ ಮೇಜಿನ ಮೇಲೆ ಮಡಿಸಿ ಹೊಲಿಯುವ ಯಂತ್ರದ ಚಿತ್ರವಿದ್ದ ಪುಸ್ತಕವನ್ನು ಯಾರೋ ಕಂಡು, ಯಂತ್ರ ಬರುತ್ತದೆ, ಒಬ್ಬರ ಕೆಲಸ ಹೋಗುತ್ತದೆ ಎಂದು ನಮ್ಮ ತಲೆಗೆಲ್ಲ ಹುಳ ಬಿಟ್ಟಿದ್ದರು. ಅಣ್ಣ ಕಾಲು ಗಂಟೆ ಬಿಟ್ಟು ಹೊರಗೆ ಬಂದ. ಮುಖದಲ್ಲಿ ಕಳೆಯೇ ಇಲ್ಲ.

"ಎಷ್ಟಿತ್ತಣ್ಣ?" ಎಂದೆ.

"ಎರಡು" ಎಂದ. ನನ್ನ ಮುಖ ನೋಡದೆ ಹೇಳಿದ. ಆ ಸಂಜೆ ಒಂದೇ ಕಟ್ಟನ್ನು ಐದು ಸಲ ಎಣಿಸಿದ.

ಶನಿವಾರ ನಾಲ್ಕು ಗಂಟೆಗೆ ಟೀ ಬಂತು. ಅಣ್ಣ ತನ್ನ ಪಾಲಿನ ಎರಡು ಬಿಸ್ಕತ್ತನ್ನೂ ಎತ್ತಿ ನನ್ನ ತಟ್ಟೆಗೆ ಹಾಕಿದ. ನನ್ನವು ಎರಡು, ಅವನವು ಎರಡು, ಒಟ್ಟು ನಾಲ್ಕು. ಕಾವಲಿನ ತಾತ ಕಣ್ಣ ಮುಂದೆ ಬಂದ.

"ಏನಣ್ಣ ಇದು? ಯಾವತ್ತೂ ಇಲ್ಲದ್ದು?"

"ತಿನ್ನು ತಂಗಿ."

"ತಿನ್ನಲ್ಲ. ಮೊದಲು ಬಾಯಿ ಬಿಡು."

ಬಿಟ್ಟ. ಶುಕ್ರವಾರ ತಟ್ಟೆಯಲ್ಲಿ ಮೂರು ಇದ್ದವಂತೆ. ಕಂಡ ಕೂಡಲೇ ತನ್ನ ಕಥೆ ಮುಗಿಯಿತು ಎಂದುಕೊಂಡ. ಯಜಮಾನರು ಬಾಯಿ ತೆರೆಯುವ ಮೊದಲೇ ತಾನೇ ಶುರುಮಾಡಿದ: ಸ್ವಾಮಿ, ತೆಗೆಯುವುದಾದರೆ ಮಡಿಸುವವಳನ್ನು ತೆಗೆಯಿರಿ, ಅವಳ ಕೈ ಈಗ ನಿಧಾನ, ಫಾರಂ ತಪ್ಪಿಸುತ್ತಾಳೆ, ಅವಳಿಗೆ ಗಂಡನ ಸಂಬಳವೂ ಇದೆ.

ನನ್ನ ಗಂಡ ಬೆನ್ನು ನೋವಿನಿಂದ ಎಂಟು ತಿಂಗಳಿಂದ ಮನೆಯಲ್ಲೇ ಇದ್ದಾನೆ. ಸೊಂಟದ ಬೆಲ್ಟು ತಂದುಕೊಟ್ಟವನೇ ಈ ಅಣ್ಣ.

"ಆಮೇಲೆ?" ಎಂದೆ.

"ಅವ್ರು ನಕ್ಕುಬಿಟ್ರು. ಯಂತ್ರ ಇಲ್ಲ, ಗಿಂತ್ರ ಇಲ್ಲ. ಆ ಪುಸ್ತಕ ಯಾರೋ ಕಳಿಸಿದ್ದಂತೆ, ಬಿಸಿ ಲೋಟ ಇಡೋಕೆ ಇಟ್ಕೊಂಡಿದ್ದಾರೆ. ನನ್ನ ಕರೆದಿದ್ದು ದೊಡ್ಡ ನಿಘಂಟಿನ ಕೆಲಸ ಬಂದಿದೆ, ಎಷ್ಟು ದಿನ ಬೇಕು ಅಂತ ಕೇಳೋಕೆ."

"ಮತ್ತೆ ಮೂರನೇ ಬಿಸ್ಕತ್ತು?"

"ಅವ್ರದ್ದೇ. ಸಕ್ಕರೆ ಕಾಯಿಲೆಯಂತೆ, ಬಿಟ್ಟಿದ್ದಾರಂತೆ. ನಂದೂ ನೀನೇ ತಿನ್ನು ಅಂತ..."

ನಗು ಬರಬೇಕಾದ ಜಾಗ ಅದು, ಬರಲಿಲ್ಲ. ಏಕೆಂದರೆ ಅವನ ಮಾತು ಇನ್ನೂ ಮುಗಿದಿರಲಿಲ್ಲ. ಯಜಮಾನರು ನಗು ನಿಲ್ಲಿಸಿ, "ಆದ್ರೆ ಆಕೆ ಫಾರಂ ತಪ್ಪಿಸ್ತಾರೆ ಅಂದ್ಯಲ್ಲ? ನೀನು ಹೇಳಿದ ಮೇಲೆ ಸುಳ್ಳಿರಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಬೇರೆಯವರನ್ನೇ ನೋಡ್ಬೇಕು. ಸೋಮವಾರ ನಾನೇ ಕರೆದು ಹೇಳ್ತೀನಿ" ಎಂದರಂತೆ. ಅವನ ಎಣಿಕೆಯ ಮೇಲೆ ಅವರಿಗೆ ಅಷ್ಟು ನಂಬಿಕೆ.

ಮೈಯೆಲ್ಲ ಉರಿಯಿತು. "ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಫಾರಂ ತಪ್ಪಿಸಿದ್ದೀನಿ ಅಣ್ಣ? ನೀನೇ ಎಣಿಸಿದ್ದೀಯಲ್ಲ, ಹೇಳು."

"ಒಂದೂ ಇಲ್ಲ" ಎಂದ. ಒಂದು ಕ್ಷಣವೂ ತಡೆಯಲಿಲ್ಲ.

"ಅದನ್ನೇ ಅಲ್ಲಿ ಹೋಗಿ ಹೇಳು. ಈಗಲೇ."

ತಾನು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಅವನಿಗೆ ಉಳಿಯುವುದೇನು? ಅವನ ಹೆಸರೇ ಎಣಿಕೆ. ಸೂಜಿಯನ್ನು ಮೇಜಿಗೆ ಚುಚ್ಚಿಟ್ಟು ಎದ್ದ. ಬಾಗಿಲ ಬಳಿ ತಿರುಗಿ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಒಳಗೆ ಹೋದ.

ನಾನು ಒಂದು ಹಾಳೆಯನ್ನೂ ಮಡಿಸಲಿಲ್ಲ. ಲೋಟದ ಟೀ ತಣ್ಣಗಾಗಿ ಕೆನೆ ಕಟ್ಟಿತು. ಅವನು ಬಂದು ಕೂತಾಗ ಕಿವಿಯವರೆಗೆ ಕೆಂಪಾಗಿದ್ದ.

"ನೀನು ಇರ್ಬೇಕಂತೆ. ನಿಘಂಟು ನೀನೇ ಮಡಿಸ್ಬೇಕಂತೆ. ಇನ್ಮೇಲೆ ನಾನು ಹೊಲಿದಿದ್ದನ್ನ ಬೇರೆ ಯಾರಾದ್ರೂ ಒಂದ್ಸಲ ಎಣಿಸ್ಲಿ ಅಂದ್ರು."

"ಎಷ್ಟಿತ್ತು?"

"ಟೀನೇ ಕೊಡ್ಲಿಲ್ಲ ತಂಗಿ."

ಆಗ ನಗು ಬಂತು, ಜೊತೆಗೆ ಅಳುವೂ. ಅವನ ಎರಡು ಬಿಸ್ಕತ್ತನ್ನು ವಾಪಸು ಅವನ ತಟ್ಟೆಗೆ ಹಾಕಿದೆ.

ಈಗ ನಿಘಂಟಿನ ಕೆಲಸ ನಡೆಯುತ್ತಿದೆ. ಪ್ರತಿ ಪುಸ್ತಕಕ್ಕೆ ಅರವತ್ತೆರಡು ಫಾರಂ. ನಾನು ಮಡಿಸಿದ್ದನ್ನು ಅಣ್ಣ ಎಣಿಸುತ್ತಾನೆ. ಅವನ ಮೇಲಿನ ಸಿಟ್ಟು ಇಳಿದಿದೆ, ಅವನ ಹೆಂಡತಿಗೂ ಈ ವಿಷಯ ಹೇಳಿಲ್ಲ. ಆದರೆ ಅವನು ಹೊಲಿದಿಟ್ಟದ್ದನ್ನು ಒಮ್ಮೆ ಎಣಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಅನುಮಾನ ಹಾಳೆಯ ಮೇಲಲ್ಲ.